ಗಾಡಿ ಮಾತು: ತೋಟಕ್ಕೆ ಹಳೆಯ ಫಾರ್ಚುನರ್ ಸಾಕೋ, ಬೆಂಜ್ ಬೇಕೋ?

ಈ ಸಲ ಬಂದ ಪತ್ರಗಳಲ್ಲಿ ಒಂದು ಮೂರು ಪುಟದ್ದು. ಉಳಿದವು ಮೂರು ಸಾಲಿನವು. ಉತ್ತರಗಳೂ ಅದೇ ಅಳತೆಯಲ್ಲಿವೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಓದುಗರಿಗೆ ಒಂದು ಮಾತು: ನಾನು ಚಿಕ್ಕಮಗಳೂರಿನಲ್ಲಿ 34 ವರ್ಷ ಗ್ಯಾರೇಜ್ ನಡೆಸಿದವನು. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಬೆಳಿಗ್ಗೆ ಹೋಗಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಸಲಹೆ ಕೊಡುತ್ತೇನೆ. ಅಲ್ಲಿ ಯಾರೂ ಕೇಳುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತೇನೆ.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. 2011ರಲ್ಲಿ ಅಪ್ಪ ಹೊಸ ಫಾರ್ಚುನರ್ ತಗೊಂಡರು. 3 ಲೀಟರ್ ಡೀಸೆಲ್, ಫೋರ್ ಬೈ ಫೋರ್, ಮ್ಯಾನುಯಲ್ ಗೇರು. ಈಗ 1,86,000 ಕಿ.ಮೀ. ಓಡಿದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಒಂದು ಸೆಕೆಂಡ್ ಹ್ಯಾಂಡ್ ಬೆಂಜ್ ನೋಡಿದ್ದಾನೆ. 2022ರ ಸಿ-ಕ್ಲಾಸ್, ಸಿ 220ಡಿ, ಡೀಸೆಲ್ ಆಟೋಮ್ಯಾಟಿಕ್. 38 ಲಕ್ಷ ಹೇಳುತ್ತಿದ್ದಾರೆ. ಫಾರ್ಚುನರ್‌ಗೆ ಒಬ್ಬರು 9 ಲಕ್ಷ ಕೊಡುತ್ತೇನೆ ಎಂದಿದ್ದಾರೆ. ಅಮ್ಮನಿಗೆ ಮೊಣಕಾಲು ನೋವು. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು. ಟಾರ್ ರಸ್ತೆಯಿಂದ ನಮ್ಮ ಮನೆಗೆ ಒಂದೂವರೆ ಕಿ.ಮೀ. ಮಣ್ಣು ರಸ್ತೆ, ನಡುವೆ ಒಂದು ಹಳ್ಳ. ಮಾರುವ ಮಾತು ಬಂದಾಗಿನಿಂದ ಅಪ್ಪ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. 15 ವರ್ಷ ಆದ ಗಾಡಿಯನ್ನು ಗುಜರಿಗೆ ಹಾಕಲೇಬೇಕು ಎಂದು ತಮ್ಮ ಹೇಳುತ್ತಾನೆ. ಹೌದಾ? ಏನು ಮಾಡಲಿ?
— ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ಮೊದಲು ಗುಜರಿ ಮಾತು ಮುಗಿಸಿಬಿಡೋಣ. ನಿಮ್ಮ ತಮ್ಮ ದೆಹಲಿ ಸುದ್ದಿ ಓದಿರಬೇಕು. ಅಲ್ಲಿನ ಕಾನೂನೇ ಬೇರೆ, 10 ವರ್ಷ ದಾಟಿದ ಡೀಸೆಲ್ ಗಾಡಿಗೆ ಅಲ್ಲಿ ದೊಡ್ಡ ರಾಮಾಯಣ. ನಮ್ಮಲ್ಲಿ ಸ್ವಂತದ ಕಾರಿಗೆ 15 ವರ್ಷ ತುಂಬಿದರೆ ಆರ್‌ಟಿಓ ಆಫೀಸಿಗೆ ಒಯ್ದು ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನೋ ಪರೀಕ್ಷೆ ಮಾಡಿಸಿ, ಆರ್‌ಸಿ ನವೀಕರಿಸಿಕೊಳ್ಳಬೇಕು. ಪಾಸಾದರೆ ಇನ್ನೂ 5 ವರ್ಷ ಓಡಿಸಬಹುದು. ನವೀಕರಣ ಫೀಸು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಹೋಯಿತು. ಅದರ ಜೊತೆ ಹಸಿರು ತೆರಿಗೆ, ಹಳೆಯ ನಂಬರ್ ಪ್ಲೇಟ್ ಇದ್ದರೆ ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟು. ಇಷ್ಟೇ. 15 ವರ್ಷಕ್ಕೆ ಗುಜರಿಗೆ ಹೋಗಲೇಬೇಕಾದದ್ದು ಸರ್ಕಾರಿ ಗಾಡಿಗಳು. ನಿಮ್ಮದು 2011ರದ್ದಾದ್ದರಿಂದ ದಿನಾಂಕ ದಾಟುವ ಮೊದಲೇ ಮಾಡಿಸಿ. ದಾಟಿದ ಮೇಲೆ ಓಡಾಡುವಾಗ ಏನಾದರೂ ಆದರೆ ಇನ್ಶೂರೆನ್ಸ್‌ನವರಿಗೆ ಒಂದು ನೆಪ ಸಿಗುತ್ತದೆ.

ಈಗ ನಿಜವಾದ ವಿಷಯ. ಕಾಫಿ ರೇಟು ಚೆನ್ನಾಗಿ ಬಂದ ವರ್ಷ ನಮ್ಮ ಕಡೆ ಮೊದಲು ಬದಲಾಗುವುದು ಕಾರು, ಆಮೇಲೆ ಮನೆಯ ಹೆಂಚು. ಇದನ್ನು ನಾನು ಮೂರು ಸಲ ಕಂಡಿದ್ದೇನೆ. ರೇಟು ಬಿದ್ದ ವರ್ಷ ಅದೇ ಕಾರುಗಳು ನನ್ನ ಗ್ಯಾರೇಜಿನ ಹಿಂದೆ ಸಾಲಾಗಿ ನಿಲ್ಲುವುದನ್ನೂ ಕಂಡಿದ್ದೇನೆ. ತಗೋಬೇಡಿ ಅಂತ ಹೇಳುತ್ತಿಲ್ಲ. ಆದರೆ ಡೀಸೆಲ್ ಉಳಿಯುತ್ತೆ ಅನ್ನೋ ಕಾರಣಕ್ಕೆ ಮಾತ್ರ ತಗೋಬೇಡಿ. ನಿಮ್ಮ ತಮ್ಮ ಅದನ್ನೂ ಹೇಳಿರುತ್ತಾನೆ, ಅಲ್ವಾ? ಲೆಕ್ಕ ಹಾಕಿ. ತಿಂಗಳಿಗೆ ಎರಡು ಸಲ ಬೆಂಗಳೂರು ಅಂದರೆ ಹೋಗಿ ಬಂದು ಸಾವಿರ ಕಿ.ಮೀ. ನಿಮ್ಮ ಗಾಡಿ ಹೈವೇನಲ್ಲಿ ಲೀಟರಿಗೆ ಹತ್ತೂವರೆ ಕೊಟ್ಟರೆ 95 ಲೀಟರ್ ಬೇಕು. ಬೆಂಜ್ ಹದಿನಾರೂವರೆ ಕೊಟ್ಟರೆ 60 ಲೀಟರ್. ಉಳಿಯುವುದು 35 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ತಿಂಗಳಿಗೆ 3,150, ವರ್ಷಕ್ಕೆ 38 ಸಾವಿರ. ಎರಡು ಗಾಡಿಯ ನಡುವಿನ ವ್ಯತ್ಯಾಸ 29 ಲಕ್ಷ. ಸರಿತೂಗಬೇಕಾದರೆ 76 ವರ್ಷ ಓಡಿಸಬೇಕು. ನಿಮ್ಮ ಮೊಮ್ಮಗ ಓಡಿಸಲಿ ಬಿಡಿ.

ಇನ್ನೊಂದು. ಆ ಕಾರು 2022ರ ಮೇ ತಿಂಗಳಲ್ಲಿ ಬಂದಾಗ ಎಕ್ಸ್ ಶೋರೂಂ 56 ಲಕ್ಷ ಇತ್ತು. ಈಗ 38 ಹೇಳುತ್ತಿದ್ದಾರೆ. ಅಂದರೆ ಆ 18 ಲಕ್ಷ ಯಾರೋ ಪುಣ್ಯಾತ್ಮ ಕಟ್ಟಿದ್ದಾನೆ. ಇದು ನಿಮಗೆ ಲಾಭ ಅಂತ ಅನ್ನಿಸಬಹುದು. ಆದರೆ ಬೆಲೆ ಇಳಿಯುವುದು ಅಲ್ಲಿಗೇ ನಿಂತಿಲ್ಲ, ಮುಂದಿನದನ್ನು ಕಟ್ಟುವ ಪುಣ್ಯಾತ್ಮ ನೀವು. ನಿಮ್ಮ 15 ವರ್ಷದ ಗಾಡಿಗೆ ಇನ್ನೂ 9 ಲಕ್ಷ ಕೊಡುವವರಿದ್ದಾರೆ ಅನ್ನೋದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ಫಾರ್ಚುನರ್ ಇಟ್ಟುಕೊಳ್ಳಿ ಅಂತ ಹೇಳಿ ಮುಗಿಸಬಹುದಿತ್ತು. ಹತ್ತು ವರ್ಷದ ಹಿಂದೆ ಹಾಗೇ ಹೇಳುತ್ತಿದ್ದೆ. ಈಗ ಹಾಗೆ ಹೇಳಲಾರೆ. ಕಾರಣ ಒಂದು ಆಲೂಗೆಡ್ಡೆ ಹೊಲ.

ಆರು ವರ್ಷದ ಹಿಂದಿನ ಮಾತು. ನನ್ನ ಹತ್ತಿರವೂ ಒಂದು ಎತ್ತರದ ಫೋರ್ ಬೈ ಫೋರ್ ಇತ್ತು. ಯಾವುದು ಅಂತ ಹೆಸರು ಬೇಡ, ತಪ್ಪು ಗಾಡಿಯದಲ್ಲ. ಜುಲೈ ತಿಂಗಳು, ಬೇಲೂರು ದಾಟಿ ಹಾಸನದ ಕಡೆ ಹೋಗುತ್ತಿದ್ದೆ. ಪಕ್ಕದಲ್ಲಿ ಹೆಂಡತಿ. ಜಿಟಿಜಿಟಿ ಮಳೆ. 80ರಲ್ಲಿ ಇದ್ದೆ. ತಿರುವಿನಲ್ಲಿ ಒಂದು ಕರು ಅಡ್ಡ ಬಂತು. ಬ್ರೇಕ್ ಒತ್ತಿ ಎಡಕ್ಕೆ ಎಳೆದೆ, ಮತ್ತೆ ಬಲಕ್ಕೆ ತಿರುಗಿಸಿದೆ. ಆ ಎರಡನೇ ತಿರುಗಿಸುವಿಕೆಯಲ್ಲಿ ಗಾಡಿ ದೋಣಿ ಹಾಗೆ ವಾಲಿತು. ಎರಡು ಟನ್ ತೂಕ, ಅಷ್ಟು ಎತ್ತರ, ಮೇಲಿನ ಭಾರ ಒಂದು ಕಡೆ ಹೋದರೆ ತಿರುಗಿ ಬರಲು ಅದಕ್ಕೆ ಹೊತ್ತು ಬೇಕು. ರಸ್ತೆ ಅಷ್ಟು ಹೊತ್ತು ಕೊಡಲಿಲ್ಲ. ಸೀದಾ ಆಲೂಗೆಡ್ಡೆ ಸಾಲಿನ ಮೇಲೆ ಹೋಗಿ ನಿಂತೆವು. ಮಗುಚಲಿಲ್ಲ, ದೇವರು ದೊಡ್ಡವನು. ಹೊಲದವರು ಛತ್ರಿ ಹಿಡಿದುಕೊಂಡು ಬಂದರು. ಮೊದಲು ಸಾಲು ನೋಡಿದರು, ಆಮೇಲೆ ನಮ್ಮನ್ನು, ಕೊನೆಗೆ ಬಗ್ಗಿ ಟೈರು ಮುಟ್ಟಿ ನೋಡಿದರು. "ಗಾಡಿ ಇಷ್ಟು ದೊಡ್ಡದು ಮಡಗಿದೀರಿ, ಟೈರು ಬೋಳಾಗೈತಲ್ಲ ಸ್ವಾಮಿ" ಅಂದರು. 34 ವರ್ಷ ಬೇರೆಯವರ ಟೈರು ನೋಡಿ ಬೈದವನಿಗೆ ಬೇಕಾಗಿತ್ತು ಅದು. ಆಲೂಗೆಡ್ಡೆಗೆ ಎರಡು ಸಾವಿರ ಕೊಟ್ಟು ಬಂದೆ.

ಫೋರ್ ಬೈ ಫೋರ್ ಗೇರು ನನ್ನನ್ನು ಆ ಹೊಲದಿಂದ ಹೊರಗೆ ತಂದಿತು, ನಿಜ. ಲೋ ಗೇರ್ ಹಾಕಿದೆ, ಹಗ್ಗ ಗಿಗ್ಗ ಏನೂ ಬೇಕಾಗಲಿಲ್ಲ, ತಾನೇ ಹತ್ತಿ ಬಂತು. ಆದರೆ ಹೊಲಕ್ಕೆ ಹೋಗದ ಹಾಗೆ ತಡೆಯುವ ಕೆಲಸ ಅದರದಲ್ಲ. ಅಂಥ ಜಾಗದಲ್ಲಿ ತಗ್ಗಿನ ಸೆಡಾನ್ ನಿಜವಾಗಿಯೂ ಬೇರೆ ಜಾತಿ. ನೆಲಕ್ಕೆ ಹತ್ತಿರ ಕೂತಿರುತ್ತದೆ, ವಾಲುವುದಿಲ್ಲ. ಚಕ್ರ ಜಾರಲು ಶುರುವಾದರೆ ಯಾವ ಚಕ್ರಕ್ಕೆ ಎಷ್ಟು ಬ್ರೇಕ್ ಹಿಡಿಯಬೇಕು ಅಂತ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ನಿಮ್ಮ 2011ರ ಗಾಡಿಯಲ್ಲಿ ಎರಡು ಏರ್‌ಬ್ಯಾಗ್ ಇವೆ. ಆ ಬೆಂಜ್‌ನಲ್ಲಿ ಏಳು. ಹಿಂದಿನ ಸೀಟಿನಲ್ಲಿ ನಿಮ್ಮ ಅಮ್ಮ ಕೂರುತ್ತಾರಲ್ಲ, ಅವರ ಪಕ್ಕ ನಿಮ್ಮ ಗಾಡಿಯಲ್ಲಿ ಒಂದೂ ಇಲ್ಲ. ಹಾಸನದಿಂದ ನೆಲಮಂಗಲದವರೆಗೆ ನಾಲ್ಕು ಪಥದ ರಸ್ತೆ, ಎಲ್ಲರೂ ನೂರರ ಮೇಲೆ ಇರುತ್ತಾರೆ. ಅಲ್ಲಿ ನನ್ನ ಮನೆಯವರನ್ನು ಯಾವುದರಲ್ಲಿ ಕೂರಿಸುತ್ತೀಯ ಅಂತ ಕೇಳಿದರೆ ಬೆಂಜ್ ಅನ್ನುತ್ತೇನೆ. ಯೋಚನೆ ಮಾಡಬೇಕಾದ್ದೇ ಇಲ್ಲ.

ಆದರೆ ನಿಮ್ಮ ಪ್ರಯಾಣ ನೆಲಮಂಗಲದಲ್ಲಿ ಶುರುವಾಗುವುದಿಲ್ಲವಲ್ಲ. ಮನೆ ಅಂಗಳದಲ್ಲಿ ಶುರುವಾಗುತ್ತದೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಆ ಒಂದೂವರೆ ಕಿಲೋಮೀಟರ್.

ತೋಟದ ರಸ್ತೆ ಹೇಗಿರುತ್ತೆ ಅಂತ ನನಗೆ ಗೊತ್ತು. ಟ್ರ್ಯಾಕ್ಟರ್ ಓಡಿ ಓಡಿ ಎರಡು ಗಾಲಿ ಹೊಂಡ, ನಡುವೆ ಹುಲ್ಲು ಬೆಳೆದ ದಿಬ್ಬ. ಸೆಡಾನಿನ ಹೊಟ್ಟೆ ಉಜ್ಜುವುದು ಆ ದಿಬ್ಬಕ್ಕೆ. ಬೆಂಜ್‌ನ ಎಂಜಿನ್ 2 ಲೀಟರಿನದಾದರೂ ಎಳೆಯುವ ಶಕ್ತಿ 440 ಎನ್‌ಎಂ ಇದೆ. ನಿಮ್ಮ 3 ಲೀಟರ್ ಫಾರ್ಚುನರ್‌ನದು 343. ಆದರೆ ಅಷ್ಟೂ ಹೋಗುವುದು ಹಿಂದಿನ ಎರಡು ಚಕ್ರಕ್ಕೆ. ಒದ್ದೆ ಕೆಂಪು ಮಣ್ಣಿನ ಏರಿನಲ್ಲಿ ಆ ಎರಡು ನುಣುಪಾದ ಟೈರು ತಿರುಗುತ್ತಾ ನಿಲ್ಲುತ್ತವೆ. ಫಾರ್ಚುನರ್‌ನಲ್ಲಿ ನಾಲ್ಕೂ ಚಕ್ರ ಯಾವಾಗಲೂ ಎಳೆಯುತ್ತವೆ. ಸಣ್ಣ ಲಿವರನ್ನು ಎಲ್‌ಎಲ್‌ಗೆ, ಅಂದರೆ ಲೋ ಗೇರಿಗೆ ಹಾಕಿದರೆ ಅದೇ ಎಂಜಿನ್ನಿನ ಶಕ್ತಿ ಸುಮಾರು ಎರಡೂವರೆ ಪಟ್ಟಾಗುತ್ತದೆ, ವೇಗ ಅಷ್ಟೇ ಕಡಿಮೆಯಾಗುತ್ತದೆ. ಹಳ್ಳದಲ್ಲಿ ಬೇಕಾಗಿರುವುದು ಅದೇ.

ನನ್ನ ಮಾತನ್ನೂ ನಂಬಬೇಡಿ, ನಿಮ್ಮ ತಮ್ಮನ ಮಾತನ್ನೂ ನಂಬಬೇಡಿ. ಒಂದು ಹಲಗೆ ಮಾಡಿ. ಹೇಗೆ ಅಂತ ಹೇಳುತ್ತೇನೆ.

ಕಾರು ನೋಡಲು ಹೋದಾಗ ಆರು ಜನ ಹೋಗಿ. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಬ್ಯಾಗ್ ಇಟ್ಟು, ಉಳಿದ ಒಬ್ಬರು ಅಳತೆ ಟೇಪ್ ಹಿಡಿದು ಹೊಟ್ಟೆಯ ಕೆಳಗೆ ಅತಿ ತಗ್ಗಿನ ಜಾಗದ ಎತ್ತರ ಬರೆದುಕೊಳ್ಳಿ. ಖಾಲಿ ಕಾರಿನ ಲೆಕ್ಕ ಬೇಡ, ಜನ ಕೂತರೆ ಕಾರು ಕೂರುತ್ತದೆ. ಮನೆಗೆ ಬಂದು ಐದು ಅಡಿ ಉದ್ದದ ಒಂದು ರೀಪರ್ ತಗೊಳ್ಳಿ. ಎರಡೂ ತುದಿಗೆ, ನೀವು ಬರೆದುಕೊಂಡ ಎತ್ತರದ ಒಂದೊಂದು ಕಾಲು ಹೊಡೆಯಿರಿ. ಸಣ್ಣ ಮಣೆ ಹಾಗೆ ಆಗುತ್ತದೆ. ನಡುವೆ ಹಗ್ಗ ಕಟ್ಟಿ. ಎರಡು ಕಾಲು ಎರಡು ಗಾಲಿ ಹೊಂಡದಲ್ಲಿ ಬರುವ ಹಾಗೆ ಇಟ್ಟು, ಟಾರ್ ರಸ್ತೆಯಿಂದ ಮನೆವರೆಗೆ ಎಳೆದುಕೊಂಡು ನಡೆಯಿರಿ. ಹಲಗೆ ಎಲ್ಲಿ ತಾಗುತ್ತದೋ ಅಲ್ಲಿ 38 ಲಕ್ಷ ತಾಗುತ್ತದೆ.

ಇನ್ನು ಮೋರಿ ಮೇಲೆ ಹತ್ತಿ ಇಳಿಯುವ ದಿಬ್ಬ ಇದ್ದರೆ ಅಲ್ಲಿಗೆ ಬೇರೆ ಪರೀಕ್ಷೆ. ಬೆಂಜ್‌ನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2,865 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂಬತ್ತೂವರೆ ಅಡಿ. ಫಾರ್ಚುನರ್‌ನದು 2,750. ಗಾಡಿ ಉದ್ದವಾದಷ್ಟೂ, ತಗ್ಗಾದಷ್ಟೂ ದಿಬ್ಬದ ನೆತ್ತಿಯ ಮೇಲೆ ಹೊಟ್ಟೆ ಕೂರುತ್ತದೆ. ಒಂಬತ್ತೂವರೆ ಅಡಿ ಹಗ್ಗವನ್ನು ಇಬ್ಬರು ದಿಬ್ಬದ ಆ ಕಡೆ ಈ ಕಡೆ ಹಿಡಿದು, ನೆಲದಿಂದ ಅದೇ ಎತ್ತರದಲ್ಲಿ ಬಿಗಿಯಾಗಿ ಎಳೆಯಿರಿ. ನಡುವೆ ಮಣ್ಣು ಹಗ್ಗಕ್ಕೆ ತಾಗಿದರೆ ಕಾರೂ ಕೂತಿತು ಅಂತ ತಿಳಿಯಿರಿ.

ನಾಲ್ಕೈದು ಕಡೆ ತಾಗಿದರೆ ಅರ್ಧ ದಿನ ಜೆಸಿಬಿ ಕರೆಸಿ ಸರಿಮಾಡಿಸಬಹುದು. ಇಪ್ಪತ್ತು ಕಡೆ ತಾಗಿದರೆ ಕಾರಿನ ಆಸೆ ಬಿಡಿ, ಇಲ್ಲವೇ ಹಳೆಯ ಕಾಲದವರ ಹಾಗೆ ಮಾಡಿ. ನಾನು ಕೆಲಸ ಕಲಿಯುವಾಗ ಎಷ್ಟೋ ತೋಟದವರು ಟಾರ್ ರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಶೆಡ್ ಕಟ್ಟಿಸಿರುತ್ತಿದ್ದರು. ಫಿಯೆಟ್ಟೋ ಅಂಬಾಸಿಡರ್ರೋ ಅಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಒಳಗೆ ಜೀಪು. ಊರಿಗೆ ಹೋಗುವಾಗ ಹೆಂಗಸರು ಜೀಪಿನಲ್ಲಿ ಬಂದು, ಶೆಡ್ಡಿನ ಹತ್ತಿರ ಕಾಲಿನ ಕೆಸರು ತೊಳೆದುಕೊಂಡು, ಚಪ್ಪಲಿ ಬದಲಾಯಿಸಿ ಕಾರು ಹತ್ತುತ್ತಿದ್ದರು. ಶೆಡ್ಡಿನ ಗೋಡೆಯಲ್ಲಿ ಚಪ್ಪಲಿಗೆಂದೇ ಒಂದು ಗೂಡು ಇರುತ್ತಿತ್ತು.

ಇನ್ನು ಬೆಂಜ್ ಬಗ್ಗೆ ಮಾರುವವರು ಹೇಳದ ಕೆಲವು ಮಾತು. ಅದು ಬಿಎಸ್6, ಅಂದರೆ ಹೊಗೆಯ ಹೊಸ ನಿಯಮಕ್ಕೆ ತಕ್ಕ ಡೀಸೆಲ್. ಹೊಗೆಯ ಮಸಿ ಹಿಡಿಯಲು ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನೋ ಜರಡಿ ಇರುತ್ತದೆ. ಮಸಿ ತುಂಬಿದಾಗ ಅದನ್ನು ಸುಟ್ಟು ಖಾಲಿ ಮಾಡಲು 600 ಡಿಗ್ರಿ ಆಸುಪಾಸಿನ ಕಾವು ಬೇಕು. ಅಷ್ಟು ಕಾವು ಬರುವುದು ಹೈವೇನಲ್ಲಿ ಒಂದೇ ಸಮನೆ ಓಡಿದಾಗ. ತೋಟದಿಂದ ಮೂಡಿಗೆರೆ ಪೇಟೆಗೆ ಹೋಗಿ, ತರಕಾರಿ ತಗೊಂಡು ವಾಪಸ್ ಬಂದರೆ ಬರುವುದಿಲ್ಲ. ದಿನಾ ಹೀಗೇ ಓಡಿಸಿದರೆ ಜರಡಿ ಕಟ್ಟಿಕೊಂಡು ದೀಪ ಹತ್ತುತ್ತದೆ. ನೀವು ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗುವವರು, ನಿಮಗೆ ಆ ತೊಂದರೆ ಕಡಿಮೆ. ಆದರೆ ಆ ಕಾರನ್ನು ಪೇಟೆ ಸುತ್ತಲು ಬಳಸಬೇಡಿ.

ಎರಡನೆಯದು ಬೂಷ್ಟು. ನಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ ಮಳೆಯಲ್ಲಿ ನಿಂತ ಕಾರಿನ ಬಾಗಿಲು ತೆಗೆದರೆ ಹಳೆಯ ಟ್ರಂಕಿನ ವಾಸನೆ ಬರುತ್ತದೆ. ಸ್ಟೇರಿಂಗ್ ಮೇಲೆ, ಸೀಟಿನ ಹೊಲಿಗೆಯ ಸಂದಿಯಲ್ಲಿ ಬೆಳ್ಳಗೆ ಬೂಷ್ಟು. ವಾರಕ್ಕೆರಡು ಸಲ ಎಸಿ ಹಾಕಿ ಇಪ್ಪತ್ತು ನಿಮಿಷ ಓಡಿಸಲೇಬೇಕು. ಮೂರನೆಯದು ಇಲಿ. ತೋಟದ ಇಲಿಗೆ ವೈರು ಅಂದರೆ ಕೋಡುಬಳೆ. ಹಳೆಯ ಗಾಡಿಯ ವೈರು ಕಡಿದರೆ ನಮ್ಮ ಹುಡುಗ ಟೇಪು ಸುತ್ತಿ ಕಳಿಸುತ್ತಾನೆ. ಹೊಸ ಕಾರಿನಲ್ಲಿ ಒಂದು ವೈರು ತುಂಡಾದರೆ ಡ್ಯಾಶ್‌ಬೋರ್ಡು ದೀಪಾವಳಿಯಾಗುತ್ತದೆ. ಆಮೇಲೆ ಅದನ್ನು ಲಾರಿ ಮೇಲೆ ಹೊತ್ತು ಮಂಗಳೂರಿಗೋ ಬೆಂಗಳೂರಿಗೋ ಕಳಿಸಬೇಕು. ಚಾರ್ಮಾಡಿ ತೆರೆದಿದ್ದರೆ ಮಂಗಳೂರು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಆ ದಾರಿಯೇ ಇರಲಿಲ್ಲ, ನೆನಪಿದೆಯಲ್ಲ.

ಸ್ಟೆಪ್ನಿ ಕೂಡ ಕೇಳಿ. ಇಂಥ ಕಾರುಗಳಲ್ಲಿ ಕೆಲವಕ್ಕೆ ಡಿಕ್ಕಿಯಲ್ಲಿ ತೆಳ್ಳಗಿನ ಸ್ಟೆಪ್ನಿ, ಅಷ್ಟು ಜಾಗ ಅದೇ ತಿನ್ನುತ್ತದೆ. ಕೆಲವಕ್ಕೆ ಸ್ಟೆಪ್ನಿಯೇ ಇಲ್ಲ, ರನ್ ಫ್ಲಾಟ್ ಟೈರು. ಪಂಕ್ಚರ್ ಆದರೆ ಗಾಳಿ ಇಲ್ಲದೆಯೂ 80ರ ವೇಗ ಮೀರದೆ 80 ಕಿ.ಮೀ.ವರೆಗೆ ಹೋಗಬಹುದು. ಕಲ್ಲು ತಾಗಿ ಪಕ್ಕ ಸೀಳಿದರೆ ಅದೂ ಆಗುವುದಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ಸಿಗುತ್ತದೆ, ಆ ಸೈಜಿನ ಟೈರು ಸಿಗುವುದಿಲ್ಲ.

ಹಾಗಂತ ನಿಮ್ಮ ಫಾರ್ಚುನರ್ ಕೂಡ ಹರಿಶ್ಚಂದ್ರ ಅಲ್ಲ. ಅದರ ಟೈಮಿಂಗ್ ಬೆಲ್ಟ್ 1,50,000 ಕಿ.ಮೀ.ಗೆ ಬದಲಾಯಿಸಬೇಕು. ಬದಲಾಯಿಸಿದ್ದಾರಾ? ಬಿಲ್ ಇದ್ದರೆ ಮಾತ್ರ ಹೌದು ಅನ್ನಿ. ಅದು ಹರಿದರೆ ಎಂಜಿನ್ ಬಿಚ್ಚಿ ಕೂರಬೇಕು. ಹಳ್ಳ ದಾಟುವ ಗಾಡಿಯಾದ್ದರಿಂದ ಮುಂದಿನ ಹಿಂದಿನ ಡಿಫರೆನ್ಷಿಯಲ್ ಆಯಿಲ್ ಒಂದು ಚಮಚ ತೆಗೆಸಿ ನೋಡಿ. ಜೇನಿನ ಬಣ್ಣ ಇದ್ದರೆ ಪರವಾಗಿಲ್ಲ. ಹಾಲು ಜಾಸ್ತಿ ಹಾಕಿದ ಕಾಫಿ ಹಾಗೆ ಕಂಡರೆ ಒಳಗೆ ನೀರು ಹೋಗಿದೆ, ಬೇರಿಂಗ್ ತಿನ್ನುತ್ತಿದೆ. ಚಾಸಿಯ ಒಳಮೈಗೆ ಸ್ಕ್ರೂಡ್ರೈವರ್‌ನ ಹಿಡಿಯಿಂದ ಕುಟ್ಟಿ. ಟಣ್ ಅಂದರೆ ಕಬ್ಬಿಣ, ಬದ್ ಅಂದರೆ ತುಕ್ಕು. ಕ್ಲಚ್, ಬುಷ್‌ಗಳು, ಬ್ರೇಕ್ ಆಯಿಲ್, ಒಳ್ಳೆಯ ಟೈರು ಎಲ್ಲ ಸೇರಿ ನನ್ನ ಅಂದಾಜು ಎರಡು ಲಕ್ಷದೊಳಗೆ. ಅದರಲ್ಲಿ ಟೈರಿಗೆ ಮೊದಲು ದುಡ್ಡು ಹಾಕಿ. ಆಲೂಗೆಡ್ಡೆಯ ರೇಟು ನಿಮಗೆ ಹೇಳಿದ್ದೇನೆ.

ಅಮ್ಮನ ಮೊಣಕಾಲು. ಇದನ್ನು ನೀವೆಲ್ಲ ಮರೆತಿದ್ದೀರಿ ಅನ್ನಿಸುತ್ತದೆ. ಫಾರ್ಚುನರ್ ಹತ್ತುವಾಗ ಅವರು ಹಿಡಿ ಹಿಡಿದು, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಒಂದು ಕ್ಷಣ ನಿಂತು ಉಸಿರು ಬಿಡುತ್ತಾರೆ, ಅಲ್ವಾ? ಅದನ್ನು ನೋಡಿ ನಿಮ್ಮ ತಮ್ಮನಿಗೆ ತಗ್ಗಿನ ಕಾರು ಒಳ್ಳೆಯದು ಅನ್ನಿಸಿದೆ. ಹತ್ತುವುದು ಸುಲಭವೇ. ಇಳಿಯುವುದು ಕಷ್ಟ. ತಗ್ಗಿನ ಸೀಟಿನಿಂದ ಏಳುವಾಗ ಮೈಭಾರವೆಲ್ಲ ಬಗ್ಗಿದ ಮೊಣಕಾಲಿನ ಮೇಲೆ ಬೀಳುತ್ತದೆ. ನನ್ನ ಅತ್ತೆಯನ್ನು ಒಬ್ಬರ ದುಬಾರಿ ಕಾರಿನಿಂದ ಇಬ್ಬರು ಸೇರಿ ಬಾವಿಯಿಂದ ಕೊಡ ಎತ್ತಿದ ಹಾಗೆ ಎತ್ತಬೇಕಾಯಿತು. ಮೂರು ಗಂಟೆ ಸುಖವಾಗಿ ನಿದ್ದೆ ಮಾಡಿ ಬಂದಿದ್ದರು, ಇಳಿದ ಮೇಲೆ ಅರ್ಧ ಗಂಟೆ ಮುಖ ಗಂಟು ಹಾಕಿಕೊಂಡಿದ್ದರು. ಆದ್ದರಿಂದ ಕಾರು ನೋಡಲು ಅಮ್ಮನನ್ನೇ ಕರೆದುಕೊಂಡು ಹೋಗಿ. ಹಿಂದಿನ ಸೀಟಿನಲ್ಲಿ ಕೂರಿಸಿ ಐದು ಸಲ ಇಳಿಸಿ. ಐದನೇ ಸಲದ ಮುಖ ನೋಡಿ ತೀರ್ಮಾನ ಮಾಡಿ. ಫಾರ್ಚುನರ್‌ಗಾದರೆ ಗಟ್ಟಿಯಾದ ಒಂದು ಮರದ ಮಣೆ ಮಾಡಿಸಿ ಡಿಕ್ಕಿಯಲ್ಲಿಡಿ. ಅರ್ಧ ಕಷ್ಟ ಕಳೆಯುತ್ತದೆ, ಖರ್ಚು ನಾನೂರು ರೂಪಾಯಿ.

ಈಗ ನನ್ನ ತೀರ್ಪು ಕೇಳಿದರೆ: ಮನೆಯಲ್ಲಿ ಒಂದೇ ಗಾಡಿ ಇರುವುದಾದರೆ ಫಾರ್ಚುನರ್ ಬಿಡಬೇಡಿ. ಎರಡು ಲಕ್ಷ ಹಾಕಿ, ಆರ್‌ಸಿ ನವೀಕರಿಸಿ, ಹೈವೇನಲ್ಲಿ 80 ದಾಟಬೇಡಿ. ಎರಡು ಗಾಡಿ ಇಡುವ ಶಕ್ತಿ ಇದ್ದರೆ, ಟಾರ್ ರಸ್ತೆ ಪಕ್ಕ ಶೆಡ್ಡಿಗೆ ಜಾಗ ಇದ್ದರೆ ಬೆಂಜ್ ತಗೊಳ್ಳಿ. ಆದರೆ ವಾರಂಟಿ ಉಳಿದಿರುವ ಕಾರೇ ಆಗಬೇಕು, ಇಲ್ಲದಿದ್ದರೆ 38ಕ್ಕೂ ಬೇಡ. ಫಾರ್ಚುನರ್ ಮಾರಿ ಬೆಂಜ್ ತರುವುದು ಮಾತ್ರ ಬೇಡವೇ ಬೇಡ. ಜುಲೈನಲ್ಲಿ ಒಂದು ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಹಳ್ಳ ದಾಟಲು ನಿಮ್ಮ ಹತ್ತಿರ ಟ್ರ್ಯಾಕ್ಟರ್ ಮಾತ್ರ ಇರುತ್ತದೆ.

ಪ್ರಶ್ನೆ: ನಮ್ಮ ಯಜಮಾನರು ಫೋರ್ ವೀಲ್ ಗಾಡಿ, ಮಳೆಯಲ್ಲಿ ಜಾರುವುದಿಲ್ಲ ಎಂದು ಶಿರಾಡಿಯಲ್ಲೂ ಜೋರಾಗಿ ಓಡಿಸುತ್ತಾರೆ. ನಾನು ಹೆದರಿ ಕಣ್ಣು ಮುಚ್ಚಿಕೊಂಡು ಕೂರುತ್ತೇನೆ. ಅವರು ಹೇಳುವುದು ಸರಿಯೇ?
— ಒಬ್ಬ ಓದುಗಿ, ಹಾಸನ

ಉತ್ತರ: ಕಣ್ಣು ಬಿಡಿ, ಬಾಯಿಯನ್ನೂ ಬಿಡಿ. ನಾಲ್ಕು ಚಕ್ರಕ್ಕೆ ಶಕ್ತಿ ಹೋಗುವುದು ಮುಂದೆ ಹೋಗಲು ಮಾತ್ರ. ನಿಲ್ಲುವಾಗ ಎಲ್ಲ ಕಾರಿಗೂ ನಾಲ್ಕೇ ಚಕ್ರ, ನಾಲ್ಕೇ ಬ್ರೇಕು. ಮಾರುತಿ 800ಕ್ಕೂ ಅಷ್ಟೇ ಇದ್ದವು. ನೀರಿನ ಮೇಲೆ ಟೈರು ತೇಲಿದರೆ ಫೋರ್ ವೀಲೂ ಇಲ್ಲ, ಟೂ ವೀಲೂ ಇಲ್ಲ. ಭಾರದ ಗಾಡಿ ನಿಲ್ಲಲು ಇನ್ನೂ ಜಾಸ್ತಿ ದೂರ ತಗೊಳ್ಳುತ್ತದೆ. ಇವತ್ತೇ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ಮಾಡಿದ್ದು. ಅಷ್ಟು ಹಳೆಯದಾದರೆ ಬಟನ್, ಅಂದರೆ ಟೈರಿನ ಮೇಲಿನ ಅಚ್ಚು ಎಷ್ಟೇ ಉಳಿದಿರಲಿ, ರಬ್ಬರು ಗಟ್ಟಿಯಾಗಿರುತ್ತದೆ. ಈ ಉತ್ತರ ಕತ್ತರಿಸಿ ಗಾಡಿಯ ಕನ್ನಡಿಗೆ ಅಂಟಿಸಿ. ನನ್ನ ಮೇಲೆ ಬೈಗುಳ ಬಿದ್ದರೂ ಚಿಂತೆ ಇಲ್ಲ.

ಪ್ರಶ್ನೆ: ಶೋಕಿಗೆ ಒಂದು ಹಳೆಯ ಜಿಪ್ಸಿ ತಗೋಬೇಕು ಅಂತಿದ್ದೇನೆ. ಏನು ನೋಡಬೇಕು?
— ಓದುಗ, ಅರಸೀಕೆರೆ

ಉತ್ತರ: ಶೋಕಿಗೆ ಅಂತ ನೀವೇ ಹೇಳಿದಿರಿ, ಅದು ಒಳ್ಳೆಯದಾಯಿತು. 1985ರಲ್ಲಿ ಬಂದದ್ದು 970 ಸಿಸಿಯದು, 1996ರ ಜಿಪ್ಸಿ ಕಿಂಗ್ 1.3 ಲೀಟರಿನದು. ಎರಡನೆಯದನ್ನೇ ಹುಡುಕಿ. ತೂಕ ಕಡಿಮೆ, ಕೆಸರಿನಲ್ಲಿ ಆಡಿನ ಹಾಗೆ ಹತ್ತುತ್ತದೆ. ಪೆಟ್ರೋಲು ಕುಡಿಯುತ್ತದೆ, ಬೆನ್ನು ಮುರಿಯುತ್ತದೆ. ಚಾಸಿ ನಂಬರು ಆರ್‌ಸಿಗೆ ತಾಳೆ ಆಗುತ್ತಾ ನೋಡಿ. ನೆಲದ ತಗಡಿನ ಮ್ಯಾಟ್ ಎತ್ತಿ ತುಕ್ಕು ನೋಡಿ. ಮಾರುವವರು ಮ್ಯಾಟ್ ಎತ್ತಲು ಬಿಡದಿದ್ದರೆ ಚಹಾ ಕುಡಿದು ವಾಪಸ್ ಬನ್ನಿ.

ಪ್ರಶ್ನೆ: ಹೊಸ ಡೀಸೆಲ್ ಕಾರಿಗೆ ಯೂರಿಯಾ ಹಾಕಬೇಕು ಎಂದು ಸರ್ವಿಸ್‌ನವರು ದುಡ್ಡು ತಗೋತಾರೆ. ನಮ್ಮ ಗೋಡೌನಿನಲ್ಲಿ ಯೂರಿಯಾ ಮೂಟೆಗಳೇ ಇವೆ. ನೀರಿಗೆ ಕಲಸಿ ಹಾಕಬಹುದಾ?
— ಓದುಗ, ಬೇಲೂರು

ಉತ್ತರ: ದಯವಿಟ್ಟು ಬೇಡ. ಹೆಸರು ಒಂದೇ, ಕೆಲಸವೇ ಬೇರೆ. ಹೊಗೆಯ ವಿಷ ಕಡಿಮೆ ಮಾಡಲು ಕಾರಿಗೆ ಹಾಕುವ ಆಡ್‌ಬ್ಲೂ ಅಂದರೆ ಲವಣವೆಲ್ಲ ತೆಗೆದ ಶುದ್ಧ ನೀರಿನಲ್ಲಿ 32.5 ಪರ್ಸೆಂಟ್ ಶುದ್ಧ ಯೂರಿಯಾ. ನಿಮ್ಮ ಮೂಟೆಯದ್ದಕ್ಕೆ ಬೇವಿನ ಎಣ್ಣೆ ಲೇಪ ಇರುತ್ತದೆ. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಗೊಬ್ಬರದ ಯೂರಿಯಾಕ್ಕೆಲ್ಲ ಅದು ಕಡ್ಡಾಯ. ಆ ಬೇವು, ನಿಮ್ಮ ಬೋರ್‌ವೆಲ್ ನೀರಿನ ಸುಣ್ಣ ಎರಡೂ ಸೇರಿ ಪಂಪು, ನಳಿಗೆ, ಸೈಲೆನ್ಸರ್ ಒಳಗಿನ ದುಬಾರಿ ಸಾಮಾನು ಎಲ್ಲವನ್ನೂ ಕೆಡಿಸುತ್ತವೆ. ಕೆಡುವ ಸಾಮಾನಿನ ಬೆಲೆಯಲ್ಲಿ ಲಾರಿಗಟ್ಟಲೆ ಯೂರಿಯಾ ಬರುತ್ತದೆ. ಮೂಟೆ ಜೋಳಕ್ಕೇ ಇರಲಿ.

ಕೊನೆಗೊಂದು ಸುದ್ದಿ. ಮೂಡಿಗೆರೆಯವರಿಗೆ ಅವಸರ ಇದ್ದದ್ದರಿಂದ ಹಲಗೆಯ ಉಪಾಯವನ್ನು ಫೋನಿನಲ್ಲಿ ಮೊದಲೇ ಹೇಳಿದ್ದೆ. ಪತ್ರಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ ಅವರ ಫೋನು ಬಂತು. ಹಲಗೆ ಹನ್ನೊಂದು ಕಡೆ ತಾಗಿತಂತೆ. ಇವರು ಎಳೆದುಕೊಂಡು ಹೋಗುವಾಗ ತಂದೆ ಕಣದಿಂದ ನೋಡಿ, ಏನು ಹುಚ್ಚಾಟ ಇದು ಅಂತ ಹತ್ತಿರ ಬಂದರಂತೆ. ವಿಷಯ ತಿಳಿದು ಏನೂ ಮಾತಾಡದೆ ಹೋಗಿ, ಒಂದು ಬಕೆಟ್ ಸುಣ್ಣ ತಂದು, ಹಿಂದೆಯೇ ನಡೆಯುತ್ತಾ ತಾಗಿದಲ್ಲೆಲ್ಲ ಗುರುತು ಹಾಕಿದರಂತೆ. ಮನೆ ಮುಟ್ಟಿದ ಮೇಲೆ ಕೈ ತೊಳೆಯುತ್ತಾ ಒಂದೇ ಮಾತು ಕೇಳಿದರಂತೆ: "ಜೆಸಿಬಿ ಗಂಟೆಗೆ ಎಷ್ಟು ತಗೋತಾನೆ ಈಗ?"